ಹನ್ನೊಂದು ರೂಪಾಯಿಯ ಎಳಿ

೧೨ ಜುಲೈ ೨೦೦೪, ಸೋಮವಾರ
ಗೋಕಾಕ

ಅಪ್ಪಣ್ಣಾ, ನಿನಗೆ ಪತ್ರ ಬರೆದು ಬರೆದೇ ನನ್ನ ಅಕ್ಷರ ದುಂಡಗಾದವು. ಈಗ ಹತ್ತರಗಿಯ ನಿನ್ನ ಹೋಟೆಲಿಗೆ ಫೋನ್ ಬಂತು. "ಅಕ್ಕಾ, ಇನ್ನ ಪತ್ರ ಯಾಕ, ಫೋನ್ ಹಚ್ಚು" ಅಂದಿ. ಫೋನಿನಾಗ ನಾನು ಆರಾಮ, ನೀ ಆರಾಮ ಅನ್ನುವಷ್ಟರಲ್ಲಿ ಮಾತೇ ಮುಗಿದುಹೋಗುತ್ತದೆ. ಕೈ ಮಾತ್ರ ಸುಮ್ಮನಿರುವುದಿಲ್ಲ. ಇಚಲಕರಂಜಿಯ ವ್ಯಾಪಾರಿ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ತಮ್ಮನ ಹೆಸರು ಹಿಡಿದು ಇದರಲ್ಲೇ ಬರೆಯುತ್ತೇನೆ. ನೀನು ಓದುವುದಿಲ್ಲ, ಯಾರೂ ಓದುವುದಿಲ್ಲ. ಅದೂ ಒಳ್ಳೆಯದೇ.

ಆಷಾಢ. ಇದು ಮುಗಿದರೆ ಅಧಿಕ ಮಾಸ. ಲಗ್ನವಿಲ್ಲ, ಮುಂಜಿವೆಯಿಲ್ಲ. ಬಟ್ಟೆ ಅಂಗಡಿಯೊಳಗೆ ನೊಣ ಹೊಡೆಯುತ್ತ ಕೂಡುವ ದಿನಗಳು. ನಮ್ಮವರು ಹೋಗಿ ಮೂರು ವರ್ಷವಾಯಿತು, ಅವರ ಗಾದಿಯ ಮೇಲೆ ನಾನು ಕೂಡುತ್ತೇನೆ. ತಿಜೋರಿಯ ಕೀಲಿ ನನ್ನ ಸೊಂಟದಲ್ಲಿ. ಸಂಜೆ ಮಗ ಸಮ್ಮೇದ ಬೀಗ ಹಾಕುತ್ತಾನೆ, ನಾನು ಎಳೆದು ನೋಡುತ್ತೇನೆ. ಒಮ್ಮೆ ಎಳೆದರೆ ಸಮಾಧಾನವಾಗುವುದಿಲ್ಲ.

ಇವತ್ತು ಸೊಸಿ ಊಟದ ಹೊತ್ತಿನಲ್ಲಿ ಶುರು ಮಾಡಿದಳು. ಬೆಳಗಾವಿಯಲ್ಲಿ ನೌಕರಿ ಮಾಡಿ ಬಂದವಳು, ಮಾತು ನೇರ.

"ಅತ್ತ್ಯಾರ, ಬಜಾರದಾಗ ಹೊಸ ಶೋರೂಮಿನವರು ಕಾರ್ಡಿನ ಮಶೀನ್ ಇಟ್ಟಾರ್ರಿ. ನಾವೂ ಒಂದು ತಗೋಬೇಕ್ರಿ."

"ನಮ್ಮಲ್ಲಿಗೆ ಬರೋ ಮಂದಿ ಕಾರ್ಡ್ ತಗೊಂಡು ಬರಂಗಿಲ್ಲವಾ, ಮುಖ ತಗೊಂಡು ಬರತಾರ."

"ಮುಖ ತೋರ್ಸಿದ್ರ ಇಚಲಕರಂಜಿಯವರು ಮಾಲು ಕೊಡತಾರೇನ್ರಿ?"

ಸಮ್ಮೇದ ನಕ್ಕ. ಮಗ ನಕ್ಕದ್ದು ನನಗೆ ಸೇರಲಿಲ್ಲ. ಕೊಡತಾರ, ನನ್ನ ಮುಖಕ್ಕೂ ಕೊಡತಾರ ಅನ್ನಬೇಕೆಂದೆ. ರೊಟ್ಟಿ ಬಾಯಲ್ಲಿತ್ತು.

ಆಕೆಗೆ ಗೊತ್ತಿಲ್ಲ. ಕೌಜಲಗಿ, ಮಸಗುಪ್ಪಿ, ಆ ಕಡೆಯ ಮನೆಮಂದಿಯೆಲ್ಲ ಲಗ್ನದ ಬಸ್ತಾ, ಅಂದರೆ ಎಲ್ಲರ ಬಟ್ಟೆಬರೆ, ಕಟ್ಟಿಸಲು ನಮ್ಮ ಅಂಗಡಿಗೇ ಬರುತ್ತಾರೆ. ಮುದುಕಿಯಿಂದ ಹಿಡಿದು ಮಗುವಿನವರೆಗೆ ಗಾದಿ ತುಂಬ ಕೂತು ಸೀರೆ ಆರಿಸುತ್ತಾರೆ. ಮಾಲು ಉದ್ರಿ ಒಯ್ದು, ಸಕ್ಕರೆ ಕಾರ್ಖಾನೆಯ ಬಿಲ್ಲು ಬಂದಾಗ ತಾವಾಗೇ ತಂದು ಕೊಡುತ್ತಾರೆ. ಉದ್ರಿ ಕೇಳಲಿಕ್ಕೆ ಗಿರಾಕಿಯ ಬಾಗಿಲು ತುಳಿಯಬಾರದು, ಇದು ನಮ್ಮವರ ಅಪ್ಪನ ಕಾಲದಿಂದ ಬಂದ ರಿವಾಜು. ಲೆಕ್ಕ ತೀರಿಸಿದರೂ ನಮ್ಮವರು ಹನ್ನೊಂದು ರೂಪಾಯಿ ವಾಪಸ್ ಅವರ ಕಡೆಗೇ ಸರಿಸಿ, "ಇದು ಬಾಕಿ ಇರ್ಲಿ, ಎಳಿ ಹರೀಬಾರ್ದು" ಅನ್ನುತ್ತಿದ್ದರು. ಮಗ್ಗದವರು ಹಳೆಯ ಹಾಸಿನ ಎಳೆಗೇ ಹೊಸ ಹಾಸು ಗಂಟು ಹಾಕುತ್ತಾರಲ್ಲ, ಹಾಗೆ. ಆ ಹನ್ನೊಂದು ರೂಪಾಯಿ ಕೊಡುವ ನೆಪದಿಂದ ಅವರು ಮತ್ತೆ ನಮ್ಮ ಮೆಟ್ಟಿಲು ಹತ್ತುತ್ತಾರೆ.

ಮಶೀನಿಗೆ ಇದನ್ನು ಯಾರು ಕಲಿಸುತ್ತಾರೆ?

೧೯ ಜುಲೈ

ಸಮ್ಮೇದ ಗಾಡಿಯಿಂದ ಬಿದ್ದ. ಹುಕ್ಕೇರಿಗೆ ಸಾಲಿ ಯೂನಿಫಾರ್ಮಿನ ಆರ್ಡರಿಗೆ ಹೋದವ ಮಾಮಾನ ಕಂಡು ಬರುತ್ತೇನೆಂದು ನಿನ್ನ ಹತ್ತರಗಿಗೆ ಹೋಗಿದ್ದಾನೆ. ಹೈವೇ ಅಗಲ ಮಾಡುವ ಕೆಲಸ, ಖಡಿ ಚೆಲ್ಲಿದ್ದಾರೆ. ತೊಡೆಯ ಎಲುಬು ಮುರಿದಿದೆಯಂತೆ. ನೀನು ಫೋನಿನಲ್ಲಿ "ಅಕ್ಕಾ, ಜೀವಕ್ಕೇನೂ ಇಲ್ಲ" ಅಂದಿ. ಆ ಮಾತು ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ.

೨೧ ಜುಲೈ
ಬೆಳಗಾವಿ, ಆಸ್ಪತ್ರೆ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಆಪರೇಶನ್ ಆಯಿತು, ಒಳಗೆ ರಾಡ್ ಹಾಕಿದ್ದಾರೆ.

ಮೊನ್ನೆ ಕೌಂಟರಿನವ "ಇಪ್ಪತ್ತೈದು ಸಾವಿರ ಡಿಪಾಜಿಟ್ ಕಟ್ರಿ" ಅಂದ. ನನ್ನ ಸಂಚಿಯಲ್ಲಿ ನಾಲ್ಕು, ನೀನು ಹೋಟೆಲಿನ ಗಲ್ಲೆಯಿಂದ ಬಳಿದು ತಂದದ್ದು ಆರು. ನಮ್ಮ ರೊಕ್ಕವೆಲ್ಲ ಊರೂರಿನ ಮದುಮಕ್ಕಳ ಮೈಮೇಲೆ ಸೀರೆಯಾಗಿ ಕೂತಿದೆ. ನಾನು ಆ ಹುಡುಗನಿಗೆ ಹೇಳಿದೆ, "ನಾವು ಗೋಕಾಕದ ಜಯಪಾಲ ಸಾಹುಕಾರರ ಮನಿಯವರಪ್ಪಾ. ಬಜಾರದಾಗ ಯಾರನ್ನ ಬೇಕಾದ್ರೂ ಕೇಳು."

"ಅಜ್ಜೀ, ಗೋಕಾಕ ಬಜಾರಕ್ಕ ಈಗ ಯಾರು ಹೋಗಿ ಕೇಳಿ ಬರಬೇಕ್ರಿ?" ಅಂದ. ಸಿಟ್ಟಿನಿಂದ ಅನ್ನಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಅಷ್ಟರಲ್ಲಿ ಸೊಸಿ ಪರ್ಸಿನಿಂದ ಕಾರ್ಡ್ ತೆಗೆದು ಮುಂದಿಟ್ಟಳು. ಲಗ್ನಕ್ಕಿಂತ ಮೊದಲು ನೌಕರಿಯಲ್ಲಿದ್ದಾಗ ಮಾಡಿಸಿದ್ದಂತೆ. ಆ ಹುಡುಗ ಅದನ್ನು ಮಶೀನಿನಲ್ಲಿ ಸರ್ರೆಂದು ಎಳೆದ. ಕರಕರ ಅಂದು ಚೀಟಿ ಬಂತು, ಸೊಸಿ ಸಹಿ ಹಾಕಿದಳು. ನಿಮ್ಮ ಊರು ಯಾವುದು, ನಿಮ್ಮ ಮನೆತನ ಯಾವುದು, ಯಾರೂ ಕೇಳಲಿಲ್ಲ. ನನ್ನ ಮಗನನ್ನು ಒಳಗೆ ಒಯ್ದರು. ಆಮೇಲೆ ರಾಡಿಗೆಂದು ಇನ್ನೂ ಹದಿಮೂರು ಸಾವಿರ ಅದರಿಂದಲೇ ಹೋಯಿತು.

"ಇದು ಯಾರ ರೊಕ್ಕವಾ?" ಅಂದೆ.

"ಬ್ಯಾಂಕಿನವರದ್ರಿ. ನಮ್ಮ ಹೆಸರಿಲೆ ಆಸ್ಪತ್ರಿಗೆ ಕೊಡತಾರ. ನಾವು ತಿಂಗಳಾದಮ್ಯಾಲ ಅವರಿಗೆ ಕೊಡಬೇಕು."

"ಅಂದ್ರ ಉದ್ರಿ."

"ಉದ್ರಿನ ಮತ್ತ. ಜಗತ್ತ ಉದ್ರಿ ಮ್ಯಾಲೆ ನಡದೈತ್ರಿ ಅತ್ತ್ಯಾರ. ನೀವು ಕೌಜಲಗಿಯವರನ್ನ ನಂಬತೀರಿ, ಇಚಲಕರಂಜಿಯವರು ನಿಮ್ಮನ್ನ ನಂಬತಾರ, ಅವರನ್ನ ಗಿರಣಿಯವರು ನಂಬತಾರ. ಒಬ್ಬರು ಕೈ ಬಿಟ್ರ ಸಾಲಾಗಿ ಎಲ್ಲಾರ ಅಂಗಡಿ ಬಂದ್. ಕಾರ್ಡೂ ಹಂಗ. ಒಂದ ಫರಕ, ಅದು ಮುಖ ನೋಡಂಗಿಲ್ಲ, ತಾರೀಕು ನೋಡತೈತಿ."

ಕೊನೆಯ ಮಾತಿಗೆ ನಾನು ಅಷ್ಟು ಲಕ್ಷ್ಯ ಕೊಡಲಿಲ್ಲ. ನಿದ್ದೆಯಿರಲಿಲ್ಲ.

೨೮ ಜುಲೈ

ಬಸ್ಸು, ಆಸ್ಪತ್ರೆ, ಬಸ್ಸು. ಮೊಳಕಾಲು ಬಾತಿವೆ. ಬರೆಯುವಂಥದ್ದೇನಿಲ್ಲ.

೧೧ ಆಗಸ್ಟ್
ಗೋಕಾಕ

ಸಮ್ಮೇದನನ್ನು ಬಿಟ್ಟರು. ಆದರೆ ದಿನ ಬಿಟ್ಟು ದಿನ ಗಾಯ ಕಟ್ಟಿಸಬೇಕು, ಅದಕ್ಕೆ ಬೆಳಗಾವಿಯಲ್ಲಿ ಬೀಗರ ಮನೆಯಲ್ಲೇ ಇದ್ದಾನೆ, ಸೊಸಿಯೂ ಅಲ್ಲೇ. ಅಂಗಡಿಗೆ ನಾನೊಬ್ಬಳೇ. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಕೂಡುವುದು.

ಕಾರ್ಡಿನ ಬಿಲ್ಲು ಬಂತು. ಸೊಸಿ ಸಹಿ ಹಾಕಿದ ಚೆಕ್ ಇಟ್ಟುಹೋಗಿದ್ದಳು, "ಬಿಲ್ ನೋಡಿ ತುಂಬಿ ಕಳಸ್ರಿ ಅತ್ತ್ಯಾರ" ಅಂದಿದ್ದಳು. ಎಲ್ಲ ಇಂಗ್ಲಿಷು. ಬಾಜೂ ಔಷಧದ ಅಂಗಡಿಯ ಯಲ್ಲಪ್ಪನಿಂದ ಓದಿಸಿದೆ.

"ಒಟ್ಟು ಮೂವತ್ತೆಂಟು ಸಾವಿರ ಐತ್ರಿ. ಸದ್ಯ ಕಮ್ಮೀತ ಕಮ್ಮಿ ಹತ್ತೊಂಬತ್ತುನೂರು ಕಟ್ಟಿದ್ರೂ ನಡೀತೈತಿ ಅಂತ ಬರದಾರ."

ನೋಡು ಅಪ್ಪಣ್ಣಾ, ದೊಡ್ಡವರ ರೀತಿ ಅಂದರೆ ಇದು. ಮುಖ ನೋಡಿಲ್ಲ, ಊರು ಕೇಳಿಲ್ಲ, ಆದರೂ ಮಗ ಹಾಸಿಗೆ ಹಿಡಿದದ್ದು ಅವರಿಗೆ ಹೇಗೋ ತಿಳಿದಿದೆ ಅನ್ನುವಂತೆ ಇಷ್ಟು ಸವಲತ್ತು ಕೊಟ್ಟಿದ್ದಾರೆ. ನಾವೂ ಹೀಗೇ ಅಲ್ಲವೇ? ಗಿರಾಕಿ ಯುಗಾದಿಗೆ ಬಂದು ಐನೂರೋ ಸಾವಿರವೋ ಕೈ ಮುಟ್ಟಿಸಿ ಹೋದರೆ ಆಯಿತು, ಉಳಿದದ್ದು ಸುಗ್ಗಿಗೆ. ಅದರ ಮೇಲೆ ಒಂದು ಪೈಸೆ ಏರಿಸಿದ್ದಿಲ್ಲ. ಸೊಸಿ ಸುಮ್ಮನೆ ಹೆದರಿಸಿದ್ದಳು.

ಹತ್ತೊಂಬತ್ತುನೂರು ಬರೆದು ಕಳಿಸಿದೆ. ಸಾಲಿ ಯೂನಿಫಾರ್ಮಿನ ರೊಕ್ಕ ಈ ವಾರ ಬಂದಿತ್ತು, ಅದನ್ನು ತಿಜೋರಿಯಲ್ಲಿ ಸೇರಿಸಿಟ್ಟ ಮೂವತ್ತೈದು ಸಾವಿರ ಹಾಗೇ ಉಳಿಯಿತು.

೧೮ ಆಗಸ್ಟ್

ಇಚಲಕರಂಜಿಯ ಅಣ್ಣಾಸಾಹೇಬರು ತಾವೇ ಬಂದಿದ್ದರು. ನಮ್ಮವರು ಹೋದಾಗ ಹೆಗಲು ಕೊಟ್ಟ ಮನುಷ್ಯ. "ವಹಿನಿ, ಗಣಪತಿ ಹಬ್ಬಕ್ಕ ಮಾಲು ಎತ್ತಬೇಕು, ಸ್ವಲ್ಪ ಅಡಚಣಿ ಐತಿ" ಅಂದರು. ಎದುರಿಗೆ ಕೂತವರ ಕಣ್ಣಿನಲ್ಲಿ ಅಡಚಣೆ ಕಾಣುತ್ತಿತ್ತು. ಮೂವತ್ತೈದೂ ಅವರ ಕೈಗೆ ಹಾಕಿದೆ. ಹೊಸ ಸೀರೆಯ ಎರಡು ಗಂಟು ಇಳಿಸಿ ಹೋದರು.

ಮನಸ್ಸು ಹಗುರಾಯಿತು. ಬೀಗ ಎಳೆದು ನೋಡಿ ಮನೆಗೆ ಬಂದೆ.

೧೬ ಸೆಪ್ಟೆಂಬರ್

ದಶಲಕ್ಷಣ ಪರ್ವಕ್ಕೆಂದು ಮಗ, ಸೊಸಿ ಬಂದರು. ಸಮ್ಮೇದ ಊರುಗೋಲಿನ ಮೇಲೆ ಹೊಸ್ತಿಲು ದಾಟಿದ. ಕಣ್ಣು ತುಂಬಿ ಬಂತು.

ಆ ಸುಖ ಅರ್ಧ ತಾಸು ಇರಲಿಲ್ಲ. ಮೊನ್ನೆ ಬಂದ ಎರಡನೇ ಬಿಲ್ಲನ್ನು ಸೊಸಿ ಬಾಗಿಲಲ್ಲೇ ನಿಂತು ಒಡೆದಳು.

"ಅತ್ತ್ಯಾರ, ಹೋದ ತಿಂಗಳು ಎಷ್ಟು ಕಟ್ಟಿದ್ರಿ?"

"ಅವರು ಕೇಳಿದಷ್ಟು."

ಆಕೆ ಕೂತುಬಿಟ್ಟಳು. ಆಮೇಲೆ ಮೆಲ್ಲಗೆ, ಸಾಲಿ ಹುಡುಗಿಗೆ ಹೇಳಿದಂತೆ ಹೇಳಿದಳು. ಉಳಿದ ರೊಕ್ಕದ ಮೇಲೆ ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ, ಅದೂ ಆಸ್ಪತ್ರೆಯಲ್ಲಿ ಕಾರ್ಡ್ ಎಳೆದ ದಿನದಿಂದ. ನಾನು ಕೊಟ್ಟ ಹತ್ತೊಂಬತ್ತುನೂರನ್ನು ಬಡ್ಡಿಯೇ ತಿಂದು ಹಾಕಿದೆ. ಸಾಲ ಇದ್ದಲ್ಲೇ ಇದೆ, ಮತ್ತೆ ಮೂವತ್ತೆಂಟಕ್ಕೆ ಬಂದು ನಿಂತಿದೆ.

"ಮತ್ತ ಹತ್ತೊಂಬತ್ತುನೂರು ಕೊಟ್ರ ಸಾಕು ಅಂತ ಯಾಕ ಬರದಾರವಾ?"

"ಅದು ಸವಲತ್ತಲ್ರಿ, ಗಾಳ ಐತ್ರಿ."

ಸಮ್ಮೇದ ಗೋಡೆಗೆ ಒರಗಿ, "ಅವ್ವಾ, ಒಂದು ಫೋನ್ ಹಚ್ಚಿ ಕೇಳಿದ್ರ ಏನಾಗತಿತ್ತು? ಕೈಯಾಗ ರೊಕ್ಕ ಇತ್ತಲ್ಲ!" ಅಂದ.

"ನೀವು ಸುಮ್ಮನಿರ್ರಿ," ಅಂದಳು ಸೊಸಿ. "ಅವರಿಗೇನು ಗೊತ್ತು. ನಾ ಹೇಳಿ ಹೋಗಬೇಕಾಗಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಡಬಹುದು.

೨೪ ಸೆಪ್ಟೆಂಬರ್

ಏಕಾಶನ, ದಿನಕ್ಕೆ ಒಂದೇ ಊಟ. ಬಸದಿಗೆ ಹೋಗಿ ಬಂದೆ. ಶಾಸ್ತ್ರದಲ್ಲಿ ಮನಸ್ಸು ನಿಲ್ಲಲಿಲ್ಲ. ಕೂತಲ್ಲಿ, ನಿಂತಲ್ಲಿ, ಮೈಯೊಳಗೆ ಬಡ್ಡಿ ಓಡುತ್ತಿದೆ ಅನ್ನಿಸುತ್ತದೆ. ಮುಖವಿಲ್ಲದವರ ಸಾಲ ಇದು. ಯಾರ ಮುಂದೆ ಹೋಗಿ ಕೈಮುಗಿಯಬೇಕು?

ಸೊಸಿ ರೂಪಾಲಿ ತನ್ನ ಕೈಯ ಬಂಗಾರದ ಪಾಟ್ಲಿ ಅಡ ಇಡುತ್ತೇನೆ ಅನ್ನುತ್ತಿದ್ದಾಳೆ. ಆಕೆಯ ಅವ್ವ ಮಾಡಿಸಿ ಕೊಟ್ಟದ್ದು. ಹಿತ್ತಲಲ್ಲಿ ಸಾಬೂನು ಹಚ್ಚಿ ಒಂದನ್ನು ಬಿಚ್ಚುತ್ತಿದ್ದಳು, ಬರುತ್ತಿರಲಿಲ್ಲ. ನನ್ನನ್ನು ನೋಡಿ ಸೆರಗಿನಡಿ ಕೈ ಇಟ್ಟುಕೊಂಡಳು.

೨೯ ಸೆಪ್ಟೆಂಬರ್

ಕ್ಷಮಾವಣಿ, ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ. ಬಸದಿಯಲ್ಲಿ ಎಲ್ಲರಿಗೂ ಕೈಮುಗಿದು ಉತ್ತಮ ಕ್ಷಮಾ ಅಂದು ಬಂದೆ. ವರ್ಷವರ್ಷವೂ ಅನ್ನುವ ಮಾತು, ಬಾಯಿಗೆ ಸಲೀಸು. ಮನೆಗೆ ಬಂದು ರೂಪಾಲಿಯ ಎದುರು ನಿಂತರೆ ಬಾಯಿ ಏಳಲಿಲ್ಲ. ಆಕೆಯೇ ಬಗ್ಗಿ ಕಾಲು ಮುಟ್ಟಿ, "ತಪ್ಪಿದ್ರ ಕ್ಷಮಾ ಮಾಡ್ರಿ" ಅಂದಳು.

ಕೌಜಲಗಿಗೆ ಹೋಗುತ್ತೇನೆ. ಯಾರಿಗೂ ಹೇಳಿಲ್ಲ.

೬ ಅಕ್ಟೋಬರ್

ಹೋಗಿಬಂದೆ. ಮೈಯೆಲ್ಲ ಹಣ್ಣಾಗಿದೆ, ಆದರೂ ಬರೆಯುತ್ತೇನೆ.

ಕೌಜಲಗಿಯ ಲಗಮಪ್ಪಣ್ಣ ನಮ್ಮ ದೊಡ್ಡ ಖಾತೆ. ಹೋದ ಬೇಸಿಗೆಗೆ ಮಗಳ ಲಗ್ನದ ಬಸ್ತಾ ಒಯ್ದದ್ದು, ಇಪ್ಪತ್ತೆಂಟು ಸಾವಿರ ಬಾಕಿ. ಕಬ್ಬಿನ ಬಿಲ್ಲು ಬಂದಾಗ ಕೊಡುವ ಮಾತು. ಬಿಲ್ಲಿಗೆ ಇನ್ನೂ ಎರಡು ತಿಂಗಳ ಮೇಲಿದೆ. ಅವರದೇನೂ ತಪ್ಪಿಲ್ಲ.

ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವರ ಹೆಂಡತಿ ಸತ್ತೆವ್ವ ಓಡಿ ಬಂದು ಕೈ ಹಿಡಿದಳು. "ಅಕ್ಕಾರ, ನಮ್ಮ ಮನಿಗೆ! ಬರ್ರಿ, ಬರ್ರಿ." ಮಜ್ಜಿಗೆ ತಂದಳು. ಲಗಮಪ್ಪಣ್ಣ ಹುಡುಗನ ಕಾಲು ಕೇಳಿದರು, ಮಳೆ ಕೇಳಿದರು. ಮಾತು ಮುಗಿದವು. ನಾನು ಲೋಟ ತಿರುಗಿಸುತ್ತ ಕೂತೆ.

"ಅಕ್ಕಾರ, ಯಾಕ ಬಂದ್ರಿ ಹೇಳ್ರಿ," ಅಂದರು.

ಹೇಳಿದೆ. ಆಸ್ಪತ್ರೆ, ಕಾರ್ಡು, ಬಡ್ಡಿ. ಕೇಳುತ್ತ ಕೇಳುತ್ತ ಅವರ ಮುಖ ಸಣ್ಣದಾಯಿತು.

"ಬಿಲ್ಲಿಗೆ ಅಂತ ಮಾತಾಗಿತ್ತಲ್ರಿ."

"ಆಗಿತ್ರಿ. ಮಾತು ಮುರದದ್ದು ನಾನ."

"ಸಾಹುಕಾರರು ಇದ್ದಾಗ ಈ ಬಾಗಿಲಿಗೆ ಊಟಕ್ಕ ಬಂದಾರ, ಲಗ್ನಕ್ಕ ಬಂದಾರ. ವಸೂಲಿಗೆ ಬಂದಿದ್ದಿಲ್ಲ." ಧ್ವನಿ ಏರಿಸಲಿಲ್ಲ. "ಓಣ್ಯಾಗ ಮಂದಿ ನೋಡಿರತಾರ್ರಿ ಅಕ್ಕಾರ. ಲಗಮಪ್ಪನ ಮನಿಗೆ ಅಂಗಡಿಯವರು ಬಂದಾರ ಅಂತ."

ಎದ್ದು ಒಳಗೆ ಹೋದರು. ಟ್ರ್ಯಾಕ್ಟರಿನ ಟಾಯರಿಗೆಂದು ತೆಗೆದಿಟ್ಟ ರೊಕ್ಕವನ್ನು ಟಾವೆಲಿನಲ್ಲಿ ಕಟ್ಟಿ ತಂದು ನನ್ನ ಮುಂದೆ ಎಣಿಸಿದರು. ನಾನು ರೂಢಿಯಂತೆ ಹನ್ನೊಂದು ರೂಪಾಯಿ ತೆಗೆದು ಅವರ ಕಡೆ ಸರಿಸಿದೆ.

ಅದನ್ನು ಬೆರಳಿನಿಂದ ವಾಪಸ್ ನೂಕಿದರು. "ಅದೂ ಹಿಡೀರಿ. ಎಳಿ ಇಟಗೊಂಡು ಏನ್ ಮಾಡೋದೈತಿ ಇನ್ನ."

ಬಸ್ ಸ್ಟಾಪಿನ ತನಕ ಸತ್ತೆವ್ವ ಬಂದಳು. ಒಂದು ಗಂಟು ಕೊಟ್ಟಳು. "ಹೆಸರುಕಾಳ್ರಿ. ನೀವು ಚಾತುರ್ಮಾಸದಾಗ ಗಡ್ಡಿಗೆಣಸು ಮುಟ್ಟಂಗಿಲ್ಲಂತ ನಂಗ ಗೊತ್ತೈತಿ." ಬಸ್ಸು ಬಂದ ಮೇಲೆ, "ಅವರ ಮಾತು ಮನಸಿಗೆ ಹಚಗೋಬ್ಯಾಡ್ರಿ" ಅಂದಳು.

ಹಚ್ಚಿಕೊಂಡಿದ್ದೇನೆ.

೯ ಅಕ್ಟೋಬರ್

ಕಾರ್ಡಿನ ಸಾಲ ಪೂರ್ತಿ ತೀರಿತು. ಲಗಮಪ್ಪಣ್ಣನ ರೊಕ್ಕಕ್ಕೆ ಗಣಪತಿ ಹಬ್ಬದ ವ್ಯಾಪಾರದ ಗಲ್ಲೆ ಸೇರಿಸಿ ರೂಪಾಲಿ ತಾನೇ ಬೆಳಗಾವಿಗೆ ಹೋಗಿ ಕಟ್ಟಿ ಬಂದಳು. ಬಂದವಳು ಕೇಳಿದಳು, "ಕೌಜಲಗಿಗೆ ಹೋಗಿದ್ರೇನ್ರಿ? ಒಬ್ಬರ?"

ನಾನು ಕಾಲು ಚಾಚಿ ಮೊಳಕಾಲು ಒತ್ತಿಕೊಂಡೆ. ಎಣ್ಣೆ ಬೆಚ್ಚಗೆ ಮಾಡಿ ತಂದು ನನ್ನ ಮೊಳಕಾಲು ತಿಕ್ಕಿದಳು. ಪಾಟ್ಲಿ ಕೈಯಲ್ಲಿದ್ದವು. ತಿಕ್ಕುವಾಗ ಒಂದಕ್ಕೊಂದು ತಾಗಿ ಸಪ್ಪಳವಾಗುತ್ತಿತ್ತು.

೧೨ ನವೆಂಬರ್, ದೀಪಾವಳಿ

ಮಶೀನ್ ಬಂತು. ಬೇಡ ಅನ್ನುವ ತ್ರಾಣ ನನ್ನಲ್ಲಿರಲಿಲ್ಲ, ಅನ್ನಲಿಕ್ಕೆ ಬಾಯಿಯೂ ಇರಲಿಲ್ಲ. ಅಂಗೈಯಗಲದ ಕರಿ ಡಬ್ಬಿ, ಫೋನಿನ ವಾಯರಿಗೆ ಜೋಡಿಸಿದ್ದಾರೆ. ಲಕ್ಷ್ಮೀಪೂಜೆಯಲ್ಲಿ ಖಾತೆಪುಸ್ತಕದ ಬಾಜೂ ಅದನ್ನೂ ಇಟ್ಟೆವು. ನಾನು ಅರಿಷಿಣ ಕುಂಕುಮ ಹಿಡಿದು ಬಗ್ಗಿದರೆ ರೂಪಾ ಅದರ ಸಂದಿಗೆ ಕೈ ಅಡ್ಡ ಹಿಡಿದಳು.

"ನೆತ್ತಿಗೆ ಹಚ್ರಿ ಅತ್ತ್ಯಾರ, ಬಾಯಾಗ ಬ್ಯಾಡ. ಮೊದಲನೇ ದಿನಾನ ಉಪವಾಸ ಬೀಳತೈತಿ."

ನಕ್ಕೆ. ಬಹಳ ದಿನವಾಗಿತ್ತು.

ನೂರು ರೂಪಾಯಿಯ ವ್ಯಾಪಾರಕ್ಕೆ ಎರಡು ರೂಪಾಯಿ ಬ್ಯಾಂಕಿಗೆ ಕೊಡಬೇಕಂತೆ. ಹನ್ನೊಂದು ಬಿಟ್ಟುಕೊಡುವವರ ಅಂಗಡಿಯಲ್ಲಿ ಎರಡು ಕಿತ್ತುಕೊಳ್ಳುವವರು. ಇರಲಿ. ಅದು ಬಂದ ಮೇಲೆ ಇಚಲಕರಂಜಿಗೆ ರೊಕ್ಕ ತಡವಾಗುವುದಿಲ್ಲ ಅನ್ನುತ್ತಾಳೆ. ಕೀಲಿಗೊಂಚಲು ಸೊಂಟಕ್ಕೆ ಒತ್ತಿ ಬೆನ್ನು ಹಿಡಿಯುತ್ತದೆ. ಪೂಜೆ ಮಾಡುವಾಗ ರೂಪಾನ ಕೈಗೆ ಕೊಟ್ಟಿದ್ದೆ, ಆಕೆಯ ಹತ್ತಿರವೇ ಉಳಿದಿದೆ.

೨೩ ನವೆಂಬರ್

ಮೂಡಲಗಿಯ ಮಾಸ್ತರರೊಬ್ಬರು ಬಂದು ಎರಡು ಸೀರೆ ತೆಗೆದುಕೊಂಡು ಕಾರ್ಡ್ ಕೊಟ್ಟರು. ಹೆಸರು ಕೇಳಬೇಕೆನ್ನುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದರು. ಸೀರೆ ಯಾರಿಗೋ, ಏನು ಕಾರ್ಯವೋ.

ವ್ಯಾಪಾರ ಚೆನ್ನಾಗಿದೆ. ಸುಸ್ತು.

೫ ಡಿಸೆಂಬರ್, ರವಿವಾರ

ಹೊತ್ತಿದೆ, ಬರೆದುಬಿಡುತ್ತೇನೆ.

ಮಧ್ಯಾಹ್ನ ಒಂದು ಟೆಂಪೋ ಬಂದು ನಿಂತಿತು. ಮೊದಲು ಇಳಿದವಳು ಸತ್ತೆವ್ವ. ಅವಳ ಹಿಂದೆ ಹೆಣ್ಣುಮಕ್ಕಳು, ಮಿಲ್ಟ್ರಿಯಿಂದ ರಜೆಗೆ ಬಂದ ಮಗ ಮಹಾಂತೇಶ, ಕೊನೆಗೆ ಲಗಮಪ್ಪಣ್ಣ. ಮಹಾಂತೇಶನ ಲಗ್ನವಂತೆ, ಮಸಗುಪ್ಪಿಯ ಹುಡುಗಿ. ಬಸ್ತಾ ಕಟ್ಟಿಸಲಿಕ್ಕೆ ಬಂದಿದ್ದರು.

"ನಾ ಶೋರೂಮಿಗೆ ಅಂದಿದ್ದೆ," ಅಂದರು ಲಗಮಪ್ಪಣ್ಣ, ನನ್ನನ್ನು ನೋಡದೆ. "ಇಕಿ ಕೇಳಬೇಕಲ್ಲ."

"ಶೋರೂಮಿನ್ಯಾಗ ಕಾಲು ಚಾಚಿ ಕುಂಡ್ರಾಕ ಬರತೈತೇನ?" ಅಂದಳು ಸತ್ತೆವ್ವ. "ಅಲ್ಲಿ ಖುರ್ಚಿ ಮ್ಯಾಲೆ ಗೊಂಬಿ ಕುಂತಂಗ ಕುಂತಿರಬೇಕು."

ರೂಪಾ ಗಾದಿಯ ಮೇಲಿದ್ದಳು. ನಾನು ಕೆಳಗೆ ಕೂತು ಸೀರೆ ಬಿಡಿಸಿ ತೋರಿಸಿದೆ, ಸಮ್ಮೇದ ಮೇಲಿನಿಂದ ಇಳಿಸಿ ಕೊಟ್ಟ. ಮೂರು ತಾಸು ಹಿಡಿಯಿತು. ಲಗಮಪ್ಪಣ್ಣ ಕಂಬಕ್ಕೆ ಒರಗಿ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ತರಿಸಿಟ್ಟ ಚಹಾ ಮುಟ್ಟಲಿಲ್ಲ. ಅದರ ಮೇಲೆ ಕೆನೆ ಕಟ್ಟಿತು.

ಲೆಕ್ಕ ಮೂವತ್ತು ಸಾವಿರದ ಮೇಲಾಯಿತು. ನಾನು ಬಾಯಿ ತೆಗೆಯುವ ಮೊದಲೇ ಲಗಮಪ್ಪಣ್ಣ, "ಏ ಮಹಾಂತೇಶಾ, ಆ ಕಾರ್ಡ್ ತಗಿ" ಅಂದರು.

ರೂಪಾ ಎಳೆದಳು. ಮಶೀನ್ ಫೋನು ಹಚ್ಚಿತು, ಹತ್ತಲಿಲ್ಲ. ಮತ್ತೆ ಎಳೆದಳು. ಎಲ್ಲರೂ ಡಬ್ಬಿಯನ್ನೇ ನೋಡುತ್ತ ಕೂತೆವು, ಹೆರಿಗೆ ಮನೆಯ ಹೊರಗೆ ಕೂತಂತೆ. ಕೊನೆಗೆ ಕರಕರ ಅಂತು. ಹುಡುಗ ಸಹಿ ಹಾಕಿದ.

"ಆತಿಲ್ಲೋ?" ಅಂದರು ಲಗಮಪ್ಪಣ್ಣ. ಆಗ ನನ್ನ ಕಡೆ ನೋಡಿದರು. "ಈಗ ಯಾರದೂ ಯಾರ ಮ್ಯಾಲೂ ಏನಿಲ್ರಿ ಅಕ್ಕಾರ. ಯಾರೂ ಯಾರ ಬಾಗಿಲಿಗೂ ಬರೋದು ಬ್ಯಾಡ."

"ಹೌದ್ರಿ," ಅಂದೆ.

ಗಂಟು ಟೆಂಪೋಕ್ಕೆ ಹೋದವು. ಮಂದಿ ಚಪ್ಪಲಿ ಮೆಟ್ಟಿದರು. ಸತ್ತೆವ್ವನೂ ಒಂದು ಕಾಲಿಗೆ ಮೆಟ್ಟಿದ್ದಳು. ಅದನ್ನು ಬಿಟ್ಟು ವಾಪಸ್ ಮೆಟ್ಟಿಲು ಹತ್ತಿ ಬಂದಳು. ಮೂಲೆಯ ರಾಶಿಯಿಂದ ಒಂದು ಹಸಿರು ಖಣ ಎಳೆದಳು.

"ತಂಗೀ, ಇದೊಂದು ಬರ್ಕೊ. ಈಗ ನನ್ನ ಹತ್ರ ರೊಕ್ಕಿಲ್ಲ."

"ಏ, ಮಹಾಂತೇಶ ಅದಾನಲ್ಲ, ಕಾರ್ಡ್..." ಅಂದರು ಲಗಮಪ್ಪಣ್ಣ.

"ನನ್ನ ಕುಪ್ಪಸಕ್ಕ ಅಂವಾ ಯಾಕ ಕೊಡತಾನು? ಬಿಲ್ಲು ಬಂದಾಗ ನಾನ ಬಂದು ಕೊಡತೇನಿ."

"ಮೂವತ್ತೈದು ರೂಪಾಯಿಗೆ ಉದ್ರಿ ಏನ..."

"ಹೂಂ, ಉದ್ರಿ."

ರೂಪಾ ನನ್ನನ್ನು ನೋಡಲಿಲ್ಲ. ಮಶೀನನ್ನು ಬಾಜೂ ಸರಿಸಿದಳು. ಕೆಳಗಿನ ಖಾನೆಯಿಂದ ಹಳೆಯ ಖಾತೆಪುಸ್ತಕ ತೆಗೆದು, ಧೂಳು ಒರೆಸಿ, ಕೌಜಲಗಿಯ ಹಾಳೆ ತಿರುವಿದಳು. ಲಗಮಪ್ಪಣ್ಣನ ಹೆಸರಿನ ಅಡಿಯಲ್ಲಿ ನಾನು ಅಡ್ಡಗೆರೆ ಎಳೆದಿದ್ದೆ. ಅದರ ಕೆಳಗೆ ಬರೆದಳು. ಬರೆದು, "ಸಾವಕಾಶ ಕೊಡ್ರಿ ಕಾಕೂ, ಗಡಿಬಿಡಿ ಏನಿಲ್ಲ" ಅಂದಳು.

ಲಗಮಪ್ಪಣ್ಣ ಬಾಗಿಲಲ್ಲೇ ನಿಂತಿದ್ದರು. ಟೆಂಪೋದವ ಹಾರನ್ ಹೊಡೆದ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕಂಬದ ಹತ್ತಿರ ಮತ್ತೆ ಕೂತರು.

"ಚಾ ಆರೇತೇನ್ರಿ ಅಕ್ಕಾರ?"

"ಆರೇತ್ರಿ. ಬ್ಯಾರೆ ತರಿಸ್ತೇನಿ."

"ಬ್ಯಾಡ, ಬ್ಯಾಡ," ಅಂದು ಕೆನೆ ಬೆರಳಿನಿಂದ ಸರಿಸಿ ಅದನ್ನೇ ಕುಡಿದರು. ಟಾಯರು ಹಾಕಿಸಿದ್ದು ಹೇಳಿದರು. ಸಮ್ಮೇದನನ್ನು ನಡೆದು ತೋರಿಸು ಅಂದರು.

ಅವರು ಹೋದ ಮೇಲೆ ಸೀರೆ ಮಡಚಿ ಇಡುವುದರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಬೀಗ ರೂಪಾ ಹಾಕಿಕೊಂಡು ಬಂದಳು, ನಾನು ಮುಂದೆ ನಡೆದು ಬಂದಿದ್ದೆ. ಸೂರ್ಯ ಮುಳುಗಲಿಕ್ಕೆ ಬಂದ, ಅದರೊಳಗೆ ಊಟ ಆಗಬೇಕು. ಊಟಕ್ಕೆ ಕರೆಯುತ್ತಿದ್ದಾಳೆ. ಸತ್ತೆವ್ವನ ಹೆಸರುಕಾಳು ಇನ್ನೂ ಒಂದು ಹಿಡಿ ಉಳಿದಿದ್ದವು, ಅದರದೇ ಪಲ್ಯವಂತೆ.